‘ಸ್ಟ್ರೈಕ್’ ಮಾಡಿದವರು ಯಾರನ್ನು ಹೊಡೆದರು?

ಓದುಗರ ಪತ್ರ: ಕಳೆದ ಸಂಚಿಕೆಯ ಸಮುದ್ರಯುದ್ಧದ ಲೇಖನದಲ್ಲಿ, ಸೋತ ಹಡಗು ‘ತನ್ನ ಬಾವುಟವನ್ನು ಹೊಡೆಯಿತು’ ಎಂಬ ವಾಕ್ಯವಿದೆ. ತನ್ನದೇ ಬಾವುಟವನ್ನು ಯಾರಾದರೂ ಏಕೆ ಹೊಡೆಯುತ್ತಾರೆ? ಇಂಗ್ಲಿಷ್ ಮೂಲದಲ್ಲಿ ‘ಸ್ಟ್ರೈಕ್’ ಎಂದು ಇದ್ದಿರಬೇಕು. ಮುಷ್ಕರಕ್ಕೂ ಇದೇ ಪದ. ನಾನು ಮೂವತ್ತು ವರ್ಷ ಕಾರ್ಮಿಕ ಸಂಘದ ಕೆಲಸ ಮಾಡಿದವನು. ಕೈಕಟ್ಟಿ ಕುಳಿತು ಕೆಲಸ ನಿಲ್ಲಿಸುವವರಿಗೆ ‘ಹೊಡೆಯುವವರು’ ಎಂಬ ಹೆಸರು ಏಕೆ? ಅವರನ್ನು ಪುಂಡರೆಂದು ತೋರಿಸಲು ಮಾಲೀಕರೇ ಇಟ್ಟ ಹೆಸರೇ ಇದು?

ಸಂಪಾದಕರ ಉತ್ತರ:

ಮಾನ್ಯರೆ,

ನಿಮ್ಮ ಮೊದಲ ಪ್ರಶ್ನೆ ನಮ್ಮ ತಪ್ಪನ್ನು ಎತ್ತಿ ತೋರಿಸಿದೆ. ಎರಡನೆಯದು ನನ್ನನ್ನು ಎರಡು ದಿನ ನಿಘಂಟುಗಳ ಮುಂದೆ ಕೂರಿಸಿತು. ಬಾವುಟದ ಪ್ರಶ್ನೆಗೂ ಮುಷ್ಕರದ ಪ್ರಶ್ನೆಗೂ ಉತ್ತರ ಒಂದೇ ಜಾಗದಲ್ಲಿ ಸಿಕ್ಕಿತು, ಅದೂ ಹಡಗಿನ ಮೇಲೆ.

ನಿಮ್ಮ ಅನುಮಾನವನ್ನು ಮೊದಲು ಬಿಡಿಸುತ್ತೇನೆ. ಮುಷ್ಕರದ ಅರ್ಥದ ‘ಸ್ಟ್ರೈಕ್’ ಮಾಲೀಕರ ಬೈಗುಳವಾಗಿ ಹುಟ್ಟಿದ್ದಲ್ಲ. ಅದು ಕೆಲಸಗಾರರು ತಮ್ಮ ಕೈಯಾರೆ ಮಾಡಿದ ಒಂದು ಕೆಲಸದ ಹೆಸರು. 1768ರಲ್ಲಿ ಇಂಗ್ಲೆಂಡಿನ ಸಂಡರ್ಲ್ಯಾಂಡ್ ಬಂದರಿನಲ್ಲಿಯೂ ಲಂಡನ್ನಿನ ಥೇಮ್ಸ್ ನದಿಯಲ್ಲಿಯೂ ವ್ಯಾಪಾರಿ ಹಡಗುಗಳ ನಾವಿಕರು ಕೂಲಿ ಹೆಚ್ಚಿಸಬೇಕೆಂದು ಕೇಳಿದರು. ಕೇಳಿ ಸುಮ್ಮನಿರಲಿಲ್ಲ. ಹಡಗುಗಳನ್ನು ಹತ್ತಿ, ಹಾಯಿಗಳನ್ನು, ಅವನ್ನು ಕಟ್ಟುವ ಅಡ್ಡಮರಗಳನ್ನು ಕೆಳಗಿಳಿಸಿಬಿಟ್ಟರು. ಹಾಯಿ ಇಳಿದ ಮೇಲೆ ಹಡಗು ಎಲ್ಲಿಗೆ ಹೋದೀತು? ಸರಕು ತುಂಬಿದ್ದರೂ, ಗಾಳಿ ಬೀಸುತ್ತಿದ್ದರೂ ನಿಂತಲ್ಲೇ ನಿಂತಿತು. ಹಾಯಿ ಇಳಿಸುವುದಕ್ಕೆ ಇಂಗ್ಲಿಷ್ ನಾವಿಕರು ಅದಕ್ಕೂ ಹಲವು ಶತಮಾನಗಳ ಹಿಂದಿನಿಂದ ಬಳಸುತ್ತಿದ್ದ ಕ್ರಿಯಾಪದವೇ ‘ಸ್ಟ್ರೈಕ್’. ಅಲ್ಲಿಂದ ಆ ಮಾತು ದಡ ಹತ್ತಿತು. ಹಾಯಿಯನ್ನು ಮುಟ್ಟಿಯೇ ಇರದ ಕಸುಬುಗಳವರೂ ಕೂಲಿಗಾಗಿ ಕೆಲಸ ನಿಲ್ಲಿಸಿದಾಗ ಅದನ್ನೇ ಬಳಸಿದರು. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಅದು ನಾಮಪದವಾಗಿಯೂ ನಿಂತಿತು.

ಸೋತ ಹಡಗಿನ ಬಾವುಟದ ಗುಟ್ಟೂ ಇದೇ. ಅದನ್ನು ಯಾರೂ ಹೊಡೆಯಲಿಲ್ಲ, ಇಳಿಸಿದರು. ಬಾವುಟ ಇಳಿಯಿತೆಂದರೆ ಶರಣಾದಂತೆ.

ಆದರೆ ನಿಮ್ಮಂಥ ಓದುಗರು ಇಲ್ಲಿಗೆ ಬಿಡುವವರಲ್ಲ. ಹೊಡೆಯುವ ಪದಕ್ಕೆ ಇಳಿಸುವ ಅರ್ಥ ಬಂದದ್ದು ಹೇಗೆ ಎಂದು ಮತ್ತೆ ಬರೆಯುತ್ತೀರಿ. ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಇಲ್ಲಿದೆ: ‘ಸ್ಟ್ರೈಕ್’ ಮೊದಲಿಗೆ ಹೊಡೆಯುವ ಪದವೇ ಆಗಿರಲಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಸ್ಟ್ರೀಕನ್’. ಸವರು, ನೇವರಿಸು, ಒಂದರ ಮೇಲೆ ಹಾಯ್ದು ಹೋಗು, ಸಾಗು ಎಂಬವು ಅದರ ಅರ್ಥಗಳು. ಕೈಯಾಗಲಿ ಕೋಲಾಗಲಿ ಒಂದು ಮೈಯ ಮೇಲೆ ಜಾರುತ್ತ ಹೋಗುವ ಚಲನೆ ಅದು. ದಾಯಾದಿ ಭಾಷೆಗಳಲ್ಲಿ ಈ ಮೃದುತನ ಇಂದಿಗೂ ಉಳಿದಿದೆ. ಜರ್ಮನ್ನಿನ ‘ಶ್ಟ್ರೈಶೆನ್’ ಎಂದರೆ ಸವರು, ಬಳಿ, ಗೀಟೆಳೆದು ಹೊಡೆದುಹಾಕು. ಕಮಾನು ಎಳೆದು ನುಡಿಸುವ ಪಿಟೀಲಿನಂಥ ವಾದ್ಯಗಳಿಗೂ ಜರ್ಮನ್ನರು ಇದೇ ಪದದಿಂದ ಹೆಸರು ಕಟ್ಟಿದ್ದಾರೆ. ಡಚ್ಚರ ‘ಸ್ಟ್ರೈಕೆನ್’ ಬಟ್ಟೆಗೆ ಇಸ್ತ್ರಿ ಮಾಡುವುದನ್ನೂ ಹೇಳುತ್ತದೆ, ಬಾವುಟ ಇಳಿಸುವುದನ್ನೂ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಷ್ಕರಕ್ಕೊಂದು ಪದ ಬೇಕಾದಾಗ ಜರ್ಮನ್ನರು ಇಂಗ್ಲಿಷಿನ ‘ಸ್ಟ್ರೈಕ್’ ಅನ್ನು ಎರವಲು ತಂದುಕೊಂಡರು. ಹೀಗೆ ಒಂದೇ ತಾಯಿಯ ಇಬ್ಬರು ಮಕ್ಕಳು ಈಗ ಆ ಭಾಷೆಯಲ್ಲಿ ಅಕ್ಕಪಕ್ಕ ಇದ್ದಾರೆ: ಮನೆಯಲ್ಲೇ ಬೆಳೆದ ಒಬ್ಬ, ಕಡಲು ದಾಟಿ ಬಂದ ಇನ್ನೊಬ್ಬ.

ಹೊಡೆಯುವ ಅರ್ಥ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವುದು ಸುಮಾರು 1300ರ ಹೊತ್ತಿಗೆ. ಅದಕ್ಕೂ ಮೊದಲು ಹೊಡೆಯುವುದಕ್ಕೆ ಅವರಿಗೆ ಬೇರೆ ಕ್ರಿಯಾಪದವಿತ್ತು, ‘ಸ್ಲೇಅನ್’. ಅದು ಬರಬರುತ್ತ ಹೊಡೆಯುವುದನ್ನು ದಾಟಿ ಕೊಲ್ಲುವುದರ ಕಡೆಗೆ ವಾಲಿತು. ಇಂದಿನ ‘ಸ್ಲೇ’ ಅದೇ. ಹೊಡೆಯುವವನ ಕುರ್ಚಿ ಹೀಗೆ ತೆರವಾಗುತ್ತಿದ್ದಾಗ ಅದರ ಮೇಲೆ ಬಂದು ಕುಳಿತ ಇಬ್ಬರೂ ಸಾಧುಗಳೇ. ಒಬ್ಬನು ನೇವರಿಸುತ್ತಿದ್ದ ‘ಸ್ಟ್ರೈಕ್’. ಇನ್ನೊಬ್ಬನು ‘ಹಿಟ್’, ಇದು ಹಳೆಯ ನಾರ್ಸ್ ಭಾಷೆಯ ‘ಹಿಟ್ಟಾ’ ಎಂಬುದರಿಂದ ಬಂದದ್ದು. ಎದುರಾಗು, ಸಂಧಿಸು ಎಂಬುದು ಅದರ ಅರ್ಥ. ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ‘ಹಿಟ್ಟಾ’ ಎಂದರೆ ಹುಡುಕಿದ್ದು ಸಿಗುವುದು. ಇಂಗ್ಲಿಷಿನಲ್ಲಿ ಹೊಡೆತದ ಎರಡು ದೊಡ್ಡ ಪದಗಳು, ಒಂದು ನೇವರಿಕೆಯಿಂದ, ಒಂದು ಭೇಟಿಯಿಂದ!

ನೇವರಿಕೆ ಹೊಡೆತವಾಗುವುದು ವಿಚಿತ್ರವೆನಿಸಿದರೆ ನಮ್ಮ ‘ತಟ್ಟು’ ಪದವನ್ನು ನೆನೆಯಿರಿ. ಮಗುವನ್ನು ತಟ್ಟಿ ಮಲಗಿಸುತ್ತೇವೆ, ಬೆನ್ನು ತಟ್ಟುತ್ತೇವೆ, ಬಾಗಿಲು ತಟ್ಟುತ್ತೇವೆ. ಬಿಸಿ ತಟ್ಟುತ್ತದೆ, ಶಾಪವೂ ತಟ್ಟುತ್ತದೆ. ಲಾಲಿಯಿಂದ ಶಾಪದವರೆಗೆ ಒಂದೇ ಪದ ನಡೆದುಹೋಗಿದೆ. ಕೈ ಸಾಗುವ ದಾರಿ ಒಂದೇ, ಬಲ ಮಾತ್ರ ಬೇರೆ. ಇಂಗ್ಲಿಷಿನಲ್ಲಿಯೂ ಅದೇ ನಡೆಯಿತೆಂದು ನನಗೆ ತೋರುತ್ತದೆ. ಅದಕ್ಕೆ ಒಳ್ಳೆಯ ಸಾಕ್ಷಿ ಇದೇ ಬುಡದ ‘ಸ್ಟ್ರೋಕ್’. ಕ್ರಿಯಾಪದವಾಗಿ ಬಳಸಿದರೆ ಅದು ಬೆಕ್ಕಿನ ಮೈ ಸವರುವುದು. ನಾಮಪದವಾದರೆ ಕೊಡಲಿಯ ಏಟು, ಕುಂಚದ ಎಳೆತ, ಈಜುವವನ ಕೈಬೀಸು. ಮನುಷ್ಯನನ್ನು ಒಂದೇ ಗಳಿಗೆಯಲ್ಲಿ ಕೆಡವುವ ಪಾರ್ಶ್ವವಾಯುವೂ ಹೌದು. ಆ ಕಾಯಿಲೆಯನ್ನು ದೇವರ ಕೈಯೇಟೆಂದು ಭಾವಿಸಿದ್ದ ಕಾಲದಿಂದ ಉಳಿದ ಹೆಸರು ಅದು.

ಹಳೆಯ ಅರ್ಥವೊಂದನ್ನು ಕನ್ನಡಿಗರು ತಿಳಿಯದೆಯೇ ಸರಿಯಾಗಿ ಅನುವಾದಿಸಿದ್ದಾರೆ. ಬೆಂಕಿಕಡ್ಡಿಗೂ ಇಂಗ್ಲಿಷಿನಲ್ಲಿ ‘ಸ್ಟ್ರೈಕ್’ ಎಂದೇ ಹೇಳುತ್ತಾರೆ. ನಾವು ಕಡ್ಡಿ ಗೀರುತ್ತೇವೆ, ‘ಹೊಡೆಯುತ್ತೇವೆ’ ಎನ್ನುವುದಿಲ್ಲ. ಜಾನ್ ವಾಕರ್ 1827ರಲ್ಲಿ ಇಂಗ್ಲೆಂಡಿನಲ್ಲಿ ಮಾರಲು ತೊಡಗಿದ ಮೊದಲ ಘರ್ಷಣೆಯ ಕಡ್ಡಿಗಳನ್ನು ಮಡಿಸಿದ ಮರಳುಕಾಗದದ ನಡುವೆ ಇಟ್ಟು ಎಳೆಯಬೇಕಿತ್ತು. ‘ಸ್ಟ್ರೀಕನ್’ನ ಮೂಲಾರ್ಥಕ್ಕೆ ಇದಕ್ಕಿಂತ ಹತ್ತಿರದ ಕೆಲಸ ಬೇರೆ ಇಲ್ಲ.

ಇನ್ನೊಂದು ಉದಾಹರಣೆ ಧಾನ್ಯದ ಅಳತೆಯದು. ಅಳತೆಪಾತ್ರೆಯಲ್ಲಿ ಧಾನ್ಯ ತುಂಬಿ, ಬಾಯಿಯ ಮೇಲೆ ನೇರವಾದ ಕೋಲು ಎಳೆದು, ಹೆಚ್ಚಾದದ್ದನ್ನು ಕೆಡವಿ ಸಮ ಮಾಡುವುದಕ್ಕೂ ಇದೇ ಪದ. ಹಾಗೆ ಸಮ ಮಾಡಿದ ಅಳತೆಗೆ ಒಂದು ಬೆಲೆ, ಗೋಪುರವಾಗಿ ತುಂಬಿದ್ದಕ್ಕೆ ಇನ್ನೊಂದು. ‘ಸ್ಟ್ರೈಕ್’ ಎಂಬ ಹೆಸರಿನ ಅಳತೆಯೇ ಇಂಗ್ಲೆಂಡಿನಲ್ಲಿತ್ತು. ಬರೆದದ್ದರ ಮೇಲೆ ಗೀಟೆಳೆದು ಅಳಿಸುವ ಅರ್ಥ ಈ ಎಳೆತಕ್ಕೆ ಎಷ್ಟು ಹತ್ತಿರವೆಂದು ನೀವೇ ನೋಡಬಹುದು.

ಬೇಸ್‌ಬಾಲ್‌ನ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಅಲ್ಲಿ ‘ಸ್ಟ್ರೈಕ್’ ಎಂದರೆ ಆಟಗಾರ ಬ್ಯಾಟ್ ಬೀಸಿಯೂ ಚೆಂಡು ತಾಗದೆ ಹೋದದ್ದು. ಒಳ್ಳೆಯ ಚೆಂಡಿಗೆ ಬ್ಯಾಟ್ ಬೀಸದೆ ನಿಂತರೂ ತೀರ್ಪುಗಾರ ಅದನ್ನು ‘ಸ್ಟ್ರೈಕ್’ ಎಂದು ಕರೆಯಬಹುದೆಂಬ ನಿಯಮ 1858ರಲ್ಲಿ ಬಂತು. ಹೊಡೆತದ ಪದ ಹೊಡೆಯದೇ ಇದ್ದದ್ದಕ್ಕೂ ಹೆಸರಾಯಿತು.

ಅನುವಾದಕರಿಗೆ ನಿಜವಾದ ಅಪಾಯವಿರುವುದು ಗುಡಾರದಲ್ಲಿ. ನಮ್ಮ ‘ಹೊಡೆ’ ಕೂಡ ಕಡಿಮೆಯದಲ್ಲ: ಗಂಟೆ ಹೊಡೆಯುತ್ತದೆ, ಗಾಡಿ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ. ಇವುಗಳಲ್ಲಿ ಗಂಟೆ ಎರಡೂ ಭಾಷೆಗಳಲ್ಲಿ ಹೊಂದುತ್ತದೆ. ಅದನ್ನು ನಂಬಿ ಮುಂದೆ ಹೋದವನು ಗುಡಾರದ ಬಳಿ ಎಡವುತ್ತಾನೆ. ಕನ್ನಡದಲ್ಲಿ ಸೈನ್ಯ ಗುಡಾರ ಹೊಡೆಯಿತು ಎಂದರೆ ತಂಗಿತು. ಇಂಗ್ಲಿಷಿನಲ್ಲಿ ಗುಡಾರಕ್ಕೆ ‘ಸ್ಟ್ರೈಕ್’ ಎಂದರೆ ಅದನ್ನು ಇಳಿಸಿ, ಮಡಿಸಿ, ಹೊರಟಿತು! ಪದಕ್ಕೆ ಪದ ಇಟ್ಟರೆ ಹೊರಟ ಸೈನ್ಯ ಅಲ್ಲೇ ಬೀಡುಬಿಟ್ಟಂತಾಗುತ್ತದೆ. ನಾಟಕ ಮುಗಿದ ಮೇಲೆ ರಂಗಸಜ್ಜಿಕೆ ಬಿಚ್ಚುವುದಕ್ಕೂ ಅವರು ಇದೇ ಮಾತು ಹೇಳುತ್ತಾರೆ. ಹಾಯಿ, ಬಾವುಟ, ಗುಡಾರ, ರಂಗಸಜ್ಜಿಕೆ ನಾಲ್ಕೂ ಏರಿಸಿ ಕಟ್ಟಿದವು. ಅವುಗಳ ಜೊತೆ ಈ ಪದ ಕಂಡರೆ ಕೈ ‘ಹೊಡೆ’ಯ ಕಡೆಗೆ ಹೋಗಬಾರದು, ‘ಇಳಿಸು’ವಿನ ಕಡೆಗೆ ಹೋಗಬೇಕು. ಈ ಮಾತನ್ನು ನಮ್ಮ ಅನುವಾದಕರಿಗೆಲ್ಲ ಬರೆದು ಕಳುಹಿಸಿದ್ದೇನೆ.

ಲೇಖನದ ಕರಡನ್ನು ನಾನೇ ಓದಿದ್ದೆ. ಆ ವಾಕ್ಯದ ಬಳಿ ಒಂದು ಕ್ಷಣ ನಿಂತದ್ದೂ ನೆನಪಿದೆ. ಅರ್ಥವಾಗದ ಕಡೆ ಮೂಲವನ್ನು ತೆರೆದು ನೋಡಬೇಕಿತ್ತು, ನೋಡಲಿಲ್ಲ. ಅದಕ್ಕಾಗಿ ನಿಮ್ಮ ಮತ್ತು ಎಲ್ಲ ಓದುಗರ ಕ್ಷಮೆ ಕೋರುತ್ತೇನೆ. ವಾಕ್ಯ ಹೀಗಿರಬೇಕಿತ್ತು: ‘ಸಂಜೆಯ ಹೊತ್ತಿಗೆ ಹಡಗು ಬಾವುಟ ಇಳಿಸಿ ಶರಣಾಯಿತು.’

ನಿಮ್ಮ ಸಂಘದ ಗೆಳೆಯರಲ್ಲಿ ಈ ಹೆಸರಿನ ಬಗ್ಗೆ ನಿಮ್ಮಂತೆಯೇ ನೊಂದುಕೊಂಡವರು ಇದ್ದರೆ, 1768ರ ಆ ನಾವಿಕರ ಸಂಗತಿಯನ್ನು ದಯವಿಟ್ಟು ಅವರಿಗೂ ತಿಳಿಸಿ.

ಸಂಪಾದಕ