ಹರೆಯದಲ್ಲಿ ಕೇಳಿದ ರಾಜಕೀಯ ಪಂಕ್ ಆಲ್ಬಂ ಈಗ ಕೇಳಿದರೂ ನಿಲ್ಲುತ್ತದಾ?

ಹರೆಯದಲ್ಲಿ ಹುಚ್ಚು ಹಿಡಿದಂತೆ ಕೇಳಿದ ರಾಜಕೀಯ ಪಂಕ್ (ಒರಟು, ಬಂಡಾಯದ ರಾಕ್ ಸಂಗೀತ) ಆಲ್ಬಂಗಳು ಈಗಲೂ ನಿಲ್ಲುತ್ತವಾ, ಇಲ್ಲ ಅದು ಸುಮ್ನೆ ಹಳೇ ಮೋಹವಾ ಅಂತ ಕೇಳಿದ್ದೀರಿ. ನನಗೆ ಒಂದಂತೂ ನಿಂತಿದೆ: ಜರ್ಮನಿಯ ಹ್ಯಾಂಬರ್ಗ್‌ನ ಸ್ಲೈಮ್ ಬ್ಯಾಂಡಿನ 'ಶ್ವೈನೆಹೆರ್ಬ್ಸ್ಟ್' (ಅಂದರೆ 'ಹಂದಿಗಳ ಶರತ್ಕಾಲ'), 1994ರದ್ದು. ಓದಲು ಅಲ್ಲಿಗೆ ಹೋಗಿದ್ದಾಗ ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನ ಹುಡುಗ ಕೇಳಿಸಿದ್ದು. ಆಗ ನನ್ನ ಜರ್ಮನ್ ಅಷ್ಟಕ್ಕಷ್ಟೇ, ಆದರೂ ಗಾಯಕ ಡಿರ್ಕ್ ಯೋರಾ ಅವರ ಒಡಕು ದನಿ ನೇರ ಎದೆಗೇ ಬಡಿದಿತ್ತು. ಈಚೆಗೆ ಹಾಡುಗಳ ಸಾಲು ಮುಂದಿಟ್ಟುಕೊಂಡು ಪೂರ್ತಿ ಕೇಳಿದೆ.

ಇದು ಅರ್ಥ ಆಗಬೇಕಾದರೆ ಆ ವರ್ಷಗಳು ಗೊತ್ತಿರಬೇಕು. 1992ರ ಆಗಸ್ಟ್, ರಾಸ್ಟಾಕ್ ನಗರದ ಲಿಖ್ಟೆನ್‌ಹಾಗೆನ್ ಬಡಾವಣೆ. ಗೋಡೆ ಮೇಲೆ ದೊಡ್ಡ ಸೂರ್ಯಕಾಂತಿ ಹೂಗಳ ಚಿತ್ರವಿರುವ ಎತ್ತರದ ಕಟ್ಟಡ. ಒಳಗೆ ನೂರಕ್ಕೂ ಜಾಸ್ತಿ ಜನ ವಿಯೆಟ್ನಾಂನವರು. ಪೊಲೀಸರು ಹಿಂದೆ ಸರಿದ ರಾತ್ರಿ ವಲಸಿಗರನ್ನು ದ್ವೇಷಿಸುವ ಗುಂಪು ಬೆಂಕಿ ಬಾಟಲಿ ಎಸೆಯಿತು, ಒಳಗಿದ್ದವರು ಹೊಗೆಯಲ್ಲಿ ಮೇಲೆ ಮೇಲೆ ಹತ್ತಿ, ಬೀಗ ಒಡೆದು, ಚಾವಣಿ ದಾಟಿ ಜೀವ ಉಳಿಸಿಕೊಂಡರು. ಕೆಳಗೆ ಸಾವಿರಾರು ನೆರೆಹೊರೆಯವರು ನಿಂತು ನೋಡುತ್ತಿದ್ದರು, ಎಷ್ಟೋ ಜನ ಚಪ್ಪಾಳೆ ತಟ್ಟಿದರು. ತಿಂಡಿ ಮಾರುವ ಗಾಡಿಗಳೂ ಬಂದಿದ್ದವು! ಮೂರು ತಿಂಗಳಿಗೆ ಮ್ಯೋಲ್ನ್‌ನಲ್ಲಿ ಟರ್ಕಿ ಮೂಲದವರ ಮನೆಗೆ ಬೆಂಕಿ, 3 ಸಾವು. 1993ರ ಮೇ 26ರಂದು ಸಂಸತ್ತು ಆಶ್ರಯ ಕೇಳುವವರ ಹಕ್ಕನ್ನು ಮೊಟಕು ಮಾಡಿತು. ಮೂರೇ ದಿನಕ್ಕೆ ಸೋಲಿಂಗೆನ್‌ನಲ್ಲಿ ಇನ್ನೊಂದು ಟರ್ಕಿ ಕುಟುಂಬದ ಮನೆಗೆ ಬೆಂಕಿ ಹಚ್ಚಿದರು, 5 ಹೆಣ್ಣುಮಕ್ಕಳು ಸತ್ತರು. ಅದರಲ್ಲಿ ಮೂವರು ಇನ್ನೂ ಮಕ್ಕಳು.

ಈ ಸಿಟ್ಟಿನಿಂದಲೇ ಟೈಟಲ್ ಹಾಡು ಹುಟ್ಟಿದ್ದು. ಕಲ್ಲೆಸೆದ ನಾಲ್ಕು ಪುಂಡರನ್ನು ಬೈದು ಮುಗಿಸುವುದು ಸುಲಭ, ಅಲ್ವಾ? ನನಗೆ ಈ ಹಾಡು ದೊಡ್ಡದು ಅನಿಸುವುದು ಅದಷ್ಟಕ್ಕೇ ನಿಲ್ಲದೆ ಇಡೀ ದೇಶದ ಗಾಳಿಯನ್ನೇ ಹಿಡಿದಿರುವುದರಿಂದ. ಇನ್ನೊಂದು ಹಾಡಿಗೆ ಪಾಲ್ ಸೆಲಾನ್ ಯಹೂದಿಗಳ ಹತ್ಯಾಕಾಂಡದ ಬಗ್ಗೆ ಬರೆದ ಕವಿತೆಯ ಸಾಲನ್ನೇ ಹೆಸರಾಗಿ ಇಟ್ಟಿದ್ದಾರೆ. ಈ ಬೆಂಕಿ ಮೊನ್ನೆ ಹತ್ತಿದ್ದಲ್ಲ ಅನ್ನಲು ಅಷ್ಟು ಸಾಕು. ಇದೇ ಬಣ್ಣದ ಚರ್ಮ ಹೊತ್ತು, ವೀಸಾ ಕಾಗದ ಜೇಬಲ್ಲಿಟ್ಟುಕೊಂಡು ಆ ಊರುಗಳಲ್ಲಿ ರಾತ್ರಿ ರೈಲು ಇಳಿದು ನಡೆದ ನನ್ನಂಥವನಿಗೆ ಇದು ಬರೀ ಚರಿತ್ರೆ ಆಗಲು ಸಾಧ್ಯವೇ ಇಲ್ಲ.

ಹಾಗಂತ ಸ್ಲೈಮ್‌ನವರದ್ದೆಲ್ಲ ನಿಂತಿದೆ ಅನ್ನಲಾರೆ. 1981ರ ಮೊದಲ ಆಲ್ಬಂನಲ್ಲಿ ಪೊಲೀಸರನ್ನು ಬೈಯುವ ಒಂದು ಹಾಡಿದೆ, ಅದರ ದೆಸೆಯಿಂದ 2011ರಲ್ಲಿ ಆಲ್ಬಂ ಅಪ್ರಾಪ್ತರಿಗೆ ಮಾರಬಾರದ ಪಟ್ಟಿಗೆ ಸೇರಿತು. ಅದರಲ್ಲಿ ಆವೇಶ ಬೇಕಾದಷ್ಟಿದೆ, ಆದರೆ ಎರಡು ಸಲ ಕೇಳಿದರೆ ಘೋಷಣೆ ಮಾತ್ರ ಉಳಿಯುತ್ತದೆ. 'ಶ್ವೈನೆಹೆರ್ಬ್ಸ್ಟ್'ನಲ್ಲಿ ಸಿಟ್ಟಿನ ಕೆಳಗೆ ದುಃಖವಿದೆ, ಗಿಟಾರ್ ಕೂಡ ಭಾರವಾಗಿದೆ. ಅದು ಬಂದ ವರ್ಷವೇ ಬ್ಯಾಂಡ್ ಒಡೆಯಿತು, ಮತ್ತೆ ಸೇರಲು ಹದಿನೈದು ವರ್ಷ ಹಿಡಿಯಿತು.

ನೀವು ಕೇಳುವುದಾದರೆ ಟೈಟಲ್ ಹಾಡಿನಿಂದಲೇ ಶುರು ಮಾಡಿ. ಜರ್ಮನ್ ಬರದಿದ್ದರೆ ಸಾಹಿತ್ಯದ ಅನುವಾದ ಪಕ್ಕದಲ್ಲಿರಲಿ, ಮತ್ತೆ ದಯವಿಟ್ಟು ಅದಕ್ಕೂ ಮೊದಲು ಲಿಖ್ಟೆನ್‌ಹಾಗೆನ್‌ನ ಟಿವಿ ದೃಶ್ಯಗಳನ್ನು ಒಮ್ಮೆ ನೋಡಿ.