ಬಾಗಲಕೋಟೆಯಲ್ಲಿ ಸಮುದ್ರದ ಮೀನು ಮಾರಬೇಕೆಂದರೆ ಯಾವ ತಿಂಗಳು, ಯಾವ ಮೀನು, ಎಷ್ಟು ಐಸ್?

ಬೆಳಗಾವಿಯಿಂದ ವಾರಕ್ಕೆ ಎರಡು ಸಲ, ಸಲಕ್ಕೆ 50 ಕೆ.ಜಿ.ಯಂತೆ ಸಮುದ್ರದ ಮೀನು ತಂದು ಬಾಗಲಕೋಟೆಯಲ್ಲಿ ಮಾರಬೇಕು ಅಂದಿದ್ದೀರಿ. ನಿಮಗಿಂತ ಮೊದಲು ಶುರು ಮಾಡಿದವರು ಜೂನ್ ಬರುವಷ್ಟರಲ್ಲಿ ಬಾಗಿಲು ಹಾಕಿದ್ದು ಯಾಕೆ, ಯಾವ ಮೀನು ತರಬೇಕು, ದಾರಿಯಲ್ಲಿ ಕೆಡದಂತೆ ಎಷ್ಟು ಐಸ್ ಬೇಕು ಎಂದು ಕೇಳಿದ್ದೀರಿ. ಐಸಿನ ಲೆಕ್ಕ ಒಂದು ದಿನದಲ್ಲಿ ಕಲಿಯಬಹುದು. ನಮ್ಮ ಬಯಲುಸೀಮೆಯಲ್ಲಿ ಈ ವ್ಯಾಪಾರ ಮುಳುಗುವುದು ಸಮುದ್ರದ ವರ್ಷ ಹೇಗೆ ತಿರುಗುತ್ತದೆ ಎಂಬುದು ಗೊತ್ತಿಲ್ಲದೆ. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ಬೆಳಗಾವಿಗೆ ಮಾಲು ಬರುವ ದಾರಿ ಮುಖ್ಯವಾಗಿ ಮೂರು. ಚೋರ್ಲಾ ಘಾಟಿನಿಂದ ಗೋವಾದ್ದು, ಅಂಬೋಲಿ ಘಾಟಿನಿಂದ ವೆಂಗುರ್ಲಾ–ಮಾಲವಣದ್ದು, ಅನಮೋಡ ಕಡೆಯಿಂದ ಕಾರವಾರದ್ದು. ಈ ಮೂರೂ ಒಂದೇ ಕರಾವಳಿ. ಕರ್ನಾಟಕ, ಗೋವಾಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಿಂಧುದುರ್ಗದ ಬಂದರುಗಳೂ ಆಗ ಮುಚ್ಚಿರುತ್ತವೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿ ಒಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ, ಆದರೆ ಅವು ತರುವ ಸ್ವಲ್ಪ ಮೀನು ಕರಾವಳಿಯ ಪೇಟೆಗೇ ಸಾಲುವುದಿಲ್ಲ, ಘಾಟಿ ಹತ್ತಿ ನಮ್ಮವರೆಗೆ ಬರುವ ಮಾತೇ ಇಲ್ಲ. ಮೂರು ದಾರಿಯೂ ಒಂದೇ ದಿನ ಒಣಗುತ್ತವೆ. ಬಾಡಿಗೆ, ಕೂಲಿ, ಐಸ್ ಪೆಟ್ಟಿಗೆಯ ಸಾಲ ಮಾತ್ರ ನಿಲ್ಲುವುದಿಲ್ಲ. ಹತ್ತು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಖರ್ಚು ಹೊಂದಿಸಿಕೊಳ್ಳದವರು ಮುಚ್ಚಲೇಬೇಕಾಗುತ್ತದೆ.

ಪೂರ್ವ ಕರಾವಳಿಯ ನಿಷೇಧದ ದಿನಗಳು ಬೇರೆ: ಏಪ್ರಿಲ್ 15ರಿಂದ ಜೂನ್ 14. ಹಾಗಾಗಿ ಎರಡೂ ಕರಾವಳಿ ಒಟ್ಟಿಗೆ ಮುಚ್ಚಿರುವುದು ಜೂನ್ 1ರಿಂದ 14ರವರೆಗೆ, ಎರಡೇ ವಾರ. ಜೂನ್ 15ರ ನಂತರ ಆಂಧ್ರ, ತಮಿಳುನಾಡಿನ ಮೀನು ಲಾರಿಯಲ್ಲಿ ಪಶ್ಚಿಮಕ್ಕೆ ಬರತೊಡಗುತ್ತದೆ. ದೂರದ ಮಾಲು, ದರ ಹೆಚ್ಚು, ದಿನಗಳೂ ಹೆಚ್ಚಾಗಿರುತ್ತವೆ. ಕೊಳ್ಳುವಾಗ ಎರಡು ಪಟ್ಟು ಎಚ್ಚರ ಬೇಕು. 2018ರ ಜುಲೈನಲ್ಲಿ ಗೋವಾದಲ್ಲಿ, ಮೀನು ಕೆಡದಿರಲೆಂದು ಫಾರ್ಮಾಲಿನ್ ಎಂಬ ವಿಷಕಾರಿ ರಾಸಾಯನಿಕ ಹಾಕುತ್ತಾರೆಂಬ ಗಲಾಟೆ ಎದ್ದು ಹೊರಗಿನ ಮೀನನ್ನೇ ಕೆಲಕಾಲ ತಡೆದಿದ್ದರು. ಅದು ಎದ್ದದ್ದೂ ಸ್ಥಳೀಯ ದೋಣಿಗಳು ದಡದಲ್ಲಿದ್ದ ಇದೇ ನಿಷೇಧದ ದಿನಗಳಲ್ಲೇ.

ಈ ನಿಷೇಧವನ್ನು ಸರ್ಕಾರದ ಕಿರಿಕಿರಿ ಎಂದು ಗಿರಾಕಿಗಳಿಗೆ ಹೇಳಬೇಡಿ. ಮುಂಗಾರಿನ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳಿದಾಗ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಪಾಚಿ ಸಮೃದ್ಧವಾಗಿ ಬೆಳೆಯುತ್ತದೆ. ನಮ್ಮ ಪೇಟೆಯ ತಾರ್ಲೆ, ಅಂದರೆ ಕರಾವಳಿಯವರ ಭೂತಾಯಿ ಅಥವಾ ಬೈಗೆ, ಇದೇ ಹೊತ್ತಿಗೆ ಮೊಟ್ಟೆ ಇಡುತ್ತದೆ. ಮರಿಗಳಿಗೆ ಆ ಪಾಚಿಯೇ ಹಾಲು. ತಾರ್ಲೆಯ ಆಯುಷ್ಯ ಎರಡು–ಎರಡೂವರೆ ವರ್ಷ ಅಷ್ಟೇ. ಹೀಗಾಗಿ ಒಂದು ಮಳೆಗಾಲದ ಮರಿಗಳು ಬದುಕದಿದ್ದರೆ ಮರುವರ್ಷವೇ ಬಲೆ ಖಾಲಿ. ಕೇರಳದ ಲೆಕ್ಕ ನೋಡಿ: 2012ರಲ್ಲಿ ಸುಮಾರು 4 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು, 2021ರಲ್ಲಿ ಸಿಕ್ಕಿದ್ದು 3,297 ಟನ್. ಸಮುದ್ರ ಬಿಸಿಯಾಗಿದ್ದೂ, ಮರಿಗಳನ್ನೇ ಬಾಚಿದ್ದೂ ಎರಡೂ ಸೇರಿವೆ. ಆ ವರ್ಷಗಳಲ್ಲಿ ಒಮಾನ್‌ನ ತಾರ್ಲೆ ನಮ್ಮ ಕರಾವಳಿಯ ಪೇಟೆಗಳಿಗೇ ಬಂತು. ಬಡವರ ಮೀನು ಎಂದು ಕರೆಯುತ್ತಿದ್ದದ್ದರ ಗತಿ ಇದು. ಆದ್ದರಿಂದ ನಿಮ್ಮ ವ್ಯಾಪಾರವನ್ನು ತಾರ್ಲೆಯೊಂದರ ಮೇಲೆ ಕಟ್ಟಬೇಡಿ. ಬಂದ ವರ್ಷ ಮಾರಿ, ಬಾರದ ವರ್ಷ ಬಾಂಗಡೆ ನಿಮ್ಮನ್ನು ನಡೆಸಬೇಕು.

ಈಗ ತಿಂಗಳುಗಳ ಮಾತು. ಆಗಸ್ಟ್ 1ಕ್ಕೆ ದೋಣಿಗಳು ಇಳಿದರೂ ದೂರ ಹೋಗುವ ಟ್ರಾಲರ್‌ಗಳು, ಅಂದರೆ ಬಲೆ ಎಳೆದುಕೊಂಡು ಸಾಗುವ ದೋಣಿಗಳು, ತುಂಬಿ ಮರಳಲು ವಾರದ ಮೇಲೆ ಬೇಕು. ಆಮೇಲೆ ಸುಂಗಟಾ (ಸೀಗಡಿ), ಮಾಣಕಿ (ಸ್ಕ್ವಿಡ್), ರಾಣಿ ಮೀನು ರಾಶಿ ಬೀಳುತ್ತವೆ. ಆದರೆ ನಮ್ಮ ಕಡೆ ಅದೇ ಹೊತ್ತಿಗೆ ಶ್ರಾವಣ! ಬಾಗಲಕೋಟೆ, ವಿಜಯಪುರದಲ್ಲಿ ಎಷ್ಟೋ ಮನೆಗಳು ತಿಂಗಳಿಡೀ ಮೀನು–ಮಾಂಸ ಮುಟ್ಟುವುದಿಲ್ಲ. ಬೆಳಗಾವಿಯಲ್ಲಿ ಮೀನು ಅಗ್ಗ, ನಿಮ್ಮಲ್ಲಿ ಗಿರಾಕಿ ಇಲ್ಲ. ಅಗ್ಗವೆಂದು ಆಗ 50 ಕೆ.ಜಿ. ತಂದವರು ಅರ್ಧ ಚೆಲ್ಲುತ್ತಾರೆ. ಶ್ರಾವಣದಲ್ಲಿ 15 ಕೆ.ಜಿ. ಸಾಕು, ಅದೂ ಮೊದಲೇ ಹೇಳಿಟ್ಟವರಿಗೆ ಮಾತ್ರ. ನಿಜವಾದ ಸುಗ್ಗಿ ಗಣೇಶ ಚೌತಿ ದಾಟಿದ ಮೇಲೆ ಜನವರಿವರೆಗೆ. ಬಾಂಗಡೆ ದಂಡಿಯಾಗಿ ಸಿಗುವುದೂ, ಸುರಮಯಿ (ಕರಾವಳಿಯವರ ಅಂಜಲ್) ಒಳ್ಳೆಯದು ಬರುವುದೂ ಆಗಲೇ. ನಡುವೆ ದಸರೆಯ ಒಂಬತ್ತು ದಿನ ಬಿಡಿ. ಫೆಬ್ರುವರಿಯಿಂದ ಮೀನು ಕಡಿಮೆಯಾಗುತ್ತ, ದರ ಏರುತ್ತ ಹೋಗುತ್ತದೆ, ಬಿಸಿಲೂ ಜತೆಗೆ ಏರುತ್ತದೆ. ವಾರದಲ್ಲಿ ಭಾನುವಾರ, ಬುಧವಾರ ಇಟ್ಟುಕೊಳ್ಳಿ. ಸೋಮವಾರ, ಗುರುವಾರ, ಶನಿವಾರ ವ್ರತದ ಮನೆಗಳು ಬಹಳ. ಹುಣ್ಣಿಮೆಯ ಆಸುಪಾಸು ಬಾಂಗಡೆ, ತಾರ್ಲೆ ಕಡಿಮೆ ಬಂದರೆ ಗಾಬರಿಯಾಗಬೇಡಿ. ಕತ್ತಲ ರಾತ್ರಿಯಲ್ಲಿ ಹಿಂಡು ಚಲಿಸಿದಾಗ ನೀರು ಮಿನುಗುತ್ತದೆ, ಅದನ್ನು ನೋಡಿ ಬಲೆ ಬೀಸುತ್ತಾರೆ. ಬೆಳದಿಂಗಳಲ್ಲಿ ಆ ಮಿನುಗು ಕಾಣುವುದಿಲ್ಲ.

ಶುರುವಿಗೆ 50 ಕೆ.ಜಿ.ಯಲ್ಲಿ 30 ಬಾಂಗಡೆ, 8 ಸುರಮಯಿ, 7 ಸುಂಗಟಾ, ಉಳಿದದ್ದು ಆ ದಿನ ತಾಜಾ ಇದ್ದದ್ದು ಎಂದು ತಂದರೆ ಸರಿಹೋಗುತ್ತದೆ. ಪಾಪ್ಲೆಟ್ ಕೇಳಿದವರಿಗಷ್ಟೇ ತನ್ನಿ, ಉಳಿದರೆ ಬಂಡವಾಳವೇ ಹೋಗುತ್ತದೆ. ದರ ಹಾಕುವಾಗ ಕತ್ತರಿಸಿದ ಮೇಲಿನ ತೂಕ ಲೆಕ್ಕಕ್ಕೆ ಹಿಡಿಯಿರಿ: ತಲೆಯಿದ್ದ ಸುಂಗಟಾ 1 ಕೆ.ಜಿ. ಸುಲಿದರೆ ಕೈಗೆ ಬರುವುದು ಹೆಚ್ಚುಕಡಿಮೆ ಅರ್ಧ.

ಬಾಂಗಡೆಯನ್ನು ಎಣಿಸಿ ಕೊಳ್ಳಿ. ಒಂದು ಗೇಣಿಗಿಂತ ಉದ್ದ, ಸುಮಾರು 25 ಸೆಂ.ಮೀ. ಇದ್ದರೆ ಕೆ.ಜಿ.ಗೆ 5–6 ತೂಗುತ್ತವೆ, 20 ಸೆಂ.ಮೀ. ಇದ್ದರೆ 10–11. ಕೆ.ಜಿ.ಗೆ 30 ದಾಟಿತೆಂದರೆ ಅದು 14 ಸೆಂ.ಮೀ.ಗಿಂತ ಕಿರಿದು. ಕೇರಳ 2015ರಲ್ಲಿ ಬಾಂಗಡೆಗೆ 14, ತಾರ್ಲೆಗೆ 10 ಸೆಂ.ಮೀ. ಕನಿಷ್ಠ ಅಳತೆ ಎಂದು ಕಟ್ಟು ಹಾಕಿತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಜಾತಿಜಾತಿಗೂ ಇಂಥ ಅಳತೆ ಸೂಚಿಸಿದೆ. ಅದರ ಕೇಂದ್ರಗಳು ಮಂಗಳೂರು, ಕಾರವಾರದಲ್ಲೂ ಇವೆ. ಆ ಅಳತೆಯನ್ನು ನಿಮ್ಮ ಅಂಗಡಿಯ ನಿಯಮ ಮಾಡಿಕೊಳ್ಳಿ. ಮರಿ ಮೀನು ಅಗ್ಗಕ್ಕೆ ಬರುವುದು ಬಹುತೇಕ ಸಣ್ಣ ಕಣ್ಣಿನ ಟ್ರಾಲ್ ಬಲೆಯಿಂದ. ಬಲೆಯ ಬಾಲದ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಇರಬೇಕೆನ್ನುವುದಕ್ಕೆ ಕಾರಣವಿದೆ: ವಜ್ರಾಕಾರದ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇದ್ದು ಮರಿ ನುಸುಳಿ ಪಾರಾಗುತ್ತದೆ. ಎಲ್‌ಇಡಿ ಬೆಳಕು ಹಾಕಿ ಹಿಡಿಯುವುದನ್ನೂ, ಎರಡು ದೋಣಿ ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ್ದೂ ಇದಕ್ಕೇ. ಗಿರಾಕಿ ಸಿಗದ ಮರಿ ಮೀನು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಕೋಳಿಗೂ ಸಾಕು ಮೀನಿಗೂ ಮೇವಾಗುತ್ತದೆ. ಹಾಲುಗಾಳಿನಲ್ಲೇ ಜೋಳ ಕೊಯ್ದು ದನಕ್ಕೆ ಹಾಕಿದಂತೆ. ನೀವೂ ಅದನ್ನು ಕೊಂಡರೆ ಎರಡು ವರ್ಷದ ನಂತರ ನಿಮಗೇ ಮಾಲು ಇರುವುದಿಲ್ಲ.

ಬೆಳಗಾವಿ ಕ್ಯಾಂಪ್‌ನ ಮೀನು ಮಾರ್ಕೆಟ್‌ನಲ್ಲಿ ಕೊಳ್ಳುವುದಾದರೂ, ಘಾಟಿ ಹತ್ತಿ ಬಂದ ವಾಹನದವರಿಂದ ನೇರ ಕೊಳ್ಳುವುದಾದರೂ ಪೆಟ್ಟಿಗೆಯ ಮೇಲಿನ ಸಾಲು ನೋಡಿ ದರ ಒಪ್ಪಬೇಡಿ. ಮೇಲೆ ಯಾವಾಗಲೂ ಚೆಂದದ್ದೇ ಇರುತ್ತದೆ. ಕೈ ಹಾಕಿ ತಳದ್ದನ್ನು ತೆಗೆಯಿರಿ. ಕಣ್ಣನ್ನೇ ನಂಬಬೇಡಿ, ಐಸ್ ನೀರು ತಾಗಿದರೆ ಒಳ್ಳೆ ಮೀನಿನ ಕಣ್ಣೂ ಮಂಜಾಗುತ್ತದೆ. ಕಿವಿರು ಎತ್ತಿ ನೋಡಿ: ಕೆಂಪಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿದ್ದರೆ ಬೇಡ. ಹೊಟ್ಟೆ ಒತ್ತಿ. ತಾರ್ಲೆ ಮೇವು ತುಂಬಿಕೊಂಡು ಸಿಕ್ಕಿದ್ದರೆ ಅದರ ಜೀರ್ಣರಸವೇ ಹೊಟ್ಟೆಯನ್ನು ಒಳಗಿನಿಂದ ಕರಗಿಸುತ್ತದೆ, ಅರ್ಧ ದಿನದಲ್ಲಿ ಒಡೆಯುತ್ತದೆ. ಸುಂಗಟಾದ ತಲೆ ಕಪ್ಪಾಗಿದ್ದರೆ ಹಳೆಯದು. ಮತ್ತೊಂದು ಪ್ರಶ್ನೆ ಕೇಳಿ: ಯಾವ ದೋಣಿಯದು? ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಸಾಮಾನ್ಯವಾಗಿ ಅದೇ ದಿನ ಮರಳುತ್ತವೆ. ದೂರದ ಟ್ರಾಲರ್ 8–10 ದಿನ ಕಡಲಲ್ಲೇ ಇರುತ್ತದೆ. ಮೊದಲ ಬಲೆಯ ಮೀನಿಗೂ ಕೊನೆಯ ಬಲೆಯ ಮೀನಿಗೂ ವಾರದ ಅಂತರ. ಮೀನು ರಬ್ಬರಿನಂತೆ ಬಿರುಸು, ಕಿವಿರು ಮಾತ್ರ ಸತ್ತ ಬಣ್ಣ, ವಾಸನೆಯೇ ಇಲ್ಲ, ನೊಣವೂ ಕೂರುತ್ತಿಲ್ಲವೆಂದರೆ ಫಾರ್ಮಾಲಿನ್ ಶಂಕಿಸಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದಕ್ಕೆಂದೇ ಪರೀಕ್ಷಾ ಪಟ್ಟಿ ರೂಪಿಸಿದೆ: ಮೀನಿಗೆ ಉಜ್ಜಿ, ದ್ರಾವಣದ ಹನಿ ಹಾಕಿ, ಬಣ್ಣ ನೋಡಬೇಕು. ನಿಷೇಧದ ತಿಂಗಳುಗಳಲ್ಲಿ ಒಂದು ಡಬ್ಬಿ ಜತೆಗಿರಲಿ.

ಐಸ್. ಲೆಕ್ಕ ಸರಳ: ಮೀನಿನಷ್ಟೇ ತೂಕದ ಐಸ್, 50ಕ್ಕೆ 50. ಜಾಸ್ತಿಯಾಯಿತು ಅನ್ನಿಸಬಹುದು, ಆದರೆ 28 ಡಿಗ್ರಿಯಲ್ಲಿರುವ 50 ಕೆ.ಜಿ. ಮೀನನ್ನು ಸೊನ್ನೆಗೆ ಇಳಿಸುವುದಕ್ಕೇ ಸುಮಾರು 15 ಕೆ.ಜಿ. ಐಸ್ ಕರಗಿಹೋಗುತ್ತದೆ. ಉಳಿದದ್ದು ದಾರಿಯ ಬಿಸಿ ತಡೆಯಲು ಮತ್ತು ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ನಿಲ್ಲಲು. ಏಪ್ರಿಲ್–ಮೇಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ ಒಂದೂವರೆ ಪಟ್ಟು ಹಾಕಿ, ನಸುಕಿನಲ್ಲೇ ಹೊರಡಿ. ಐಸನ್ನು ಅವರೆಕಾಳಿನಿಂದ ಅಡಿಕೆಯಷ್ಟು ಗಾತ್ರಕ್ಕೆ ಪುಡಿ ಮಾಡಿಸಿ. ದೊಡ್ಡ ಗಡ್ಡೆ ಮೀನಿನ ಮೈ ಜಜ್ಜುತ್ತದೆ, ನಡುವೆ ಗಾಳಿ ನಿಂತು ತಂಪೂ ತಾಗುವುದಿಲ್ಲ. ಪೆಟ್ಟಿಗೆಯ ತಳದಲ್ಲಿ 5 ಸೆಂ.ಮೀ. ಐಸ್, ಅದರ ಮೇಲೆ ಒಂದೇ ಸಾಲು ಮೀನು, ಮತ್ತೆ ಐಸ್, ಗೋಡೆಯ ಪಕ್ಕಕ್ಕೂ ಐಸ್, ಮೇಲೆ ಮತ್ತೆ 5 ಸೆಂ.ಮೀ. ಎರಡು ಅಡಿಗಿಂತ ಎತ್ತರ ಪೇರಿಸಿದರೆ ತಳದ ಮೀನು ನಲುಗುತ್ತದೆ. ಸುರಮಯಿಯ ಹೊಟ್ಟೆ ಸ್ವಚ್ಛ ಮಾಡಿ ಒಳಗೂ ಐಸ್ ತುಂಬಿ. ಸುಂಗಟಾ ಬೇರೆ ಚೀಲದಲ್ಲಿರಲಿ. ಕರಗಿದ ನೀರು ಹೊರಹೋಗಲು ತಳದಲ್ಲಿ ತೂತು ಬೇಕೇಬೇಕು, ಅದರ ಕೆಳಗೆ ತಟ್ಟೆ. ಆ ನೀರಲ್ಲಿ ನೆನೆದ ಮೀನಿಗೆ ರುಚಿಯೂ ಹೋಗುತ್ತದೆ, ತಳದಿಂದ ಕೆಡುವುದೂ ಶುರುವಾಗುತ್ತದೆ. ಥರ್ಮಾಕೋಲ್ ಪೆಟ್ಟಿಗೆ ಅಗ್ಗ, ಆದರೆ ಸೀಳು ಬಿಟ್ಟ ಕಡೆ ಕೊಳೆ ಕೂರುತ್ತದೆ, ತೊಳೆದರೂ ಹೋಗುವುದಿಲ್ಲ. ಎರಡು ಪದರದ ಪ್ಲಾಸ್ಟಿಕ್ ಪೆಟ್ಟಿಗೆಗೆ ಮೊದಲು ದುಡ್ಡು ಹಾಕಿ, ಬೋರ್ಡಿಗೆ ಆಮೇಲೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಐಸ್ ಪೆಟ್ಟಿಗೆಯ ಬೈಕಿಗೆ, ಮೀನು ಕಿಯಾಸ್ಕ್‌ಗೆ ಸಾಮಾನ್ಯ ವರ್ಗಕ್ಕೆ 40%, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60% ಸಹಾಯಧನ ಇಡಲಾಗಿತ್ತು. ಈಗ ಅರ್ಜಿ ತೆರೆದಿದೆಯೇ ಎಂದು ಜಿಲ್ಲೆಯ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಹೇಗಿದ್ದರೂ ಬೇಕು.

ಐಸಿನಲ್ಲಿ ಜಿಪುಣತನ ಮಾಡಿದರೆ ಆಗುವ ಅನಾಹುತ ಬರೀ ದುರ್ವಾಸನೆಯದ್ದಲ್ಲ. ಬಾಂಗಡೆ, ತಾರ್ಲೆ, ಕುಪ್ಪೆ (ಟ್ಯೂನಾ) ಮೀನುಗಳ ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ಅಂಶ ಬಿಸಿಯಲ್ಲಿ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಎಂಬ ವಿಷವಾಗುತ್ತದೆ. ಮೀನು ನೋಡಲು ಚೆನ್ನಾಗಿಯೇ ಇರಬಹುದು. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು ಬರುತ್ತದೆ. ಒಮ್ಮೆ ಉಂಟಾದ ಹಿಸ್ಟಮಿನ್ ಎಷ್ಟು ಕುದಿಸಿದರೂ, ಹುರಿದರೂ, ಆಮೇಲೆ ಫ್ರೀಜರ್‌ನಲ್ಲಿ ಇಟ್ಟರೂ ಹೋಗುವುದಿಲ್ಲ. ಆದ್ದರಿಂದ ಮಧ್ಯಾಹ್ನ ಐಸ್ ಮುಗಿದು ಬೆಚ್ಚಗಾದ ಬಾಂಗಡೆಯನ್ನು ಸಂಜೆ ಮತ್ತೆ ತಂಪು ಮಾಡಿ ಮಾರಬೇಡಿ. ಹಲಗೆಯ ಮೇಲೆ 5 ಕೆ.ಜಿ.ಗಿಂತ ಹೆಚ್ಚು ಹರಡದೆ, ಉಳಿದದ್ದನ್ನು ಪೆಟ್ಟಿಗೆಯಲ್ಲೇ ಇಟ್ಟು ಆಗಾಗ ತೆಗೆದುಕೊಳ್ಳಿ. ಚೆನ್ನಾಗಿ ಐಸ್ ಹಾಕಿದ ಬಾಂಗಡೆ ಹಿಡಿದ ದಿನದಿಂದ ಒಂದು ವಾರ ತಡೆಯುತ್ತದೆ, ಆದರೆ ನಿಮ್ಮ ಕೈಗೆ ಬರುವ ಹೊತ್ತಿಗೆ ಎರಡು ಮೂರು ದಿನ ಕಳೆದೇ ಇರುತ್ತದೆ. ಎರಡನೆಯ ದಿನ ಉಳಿದದ್ದನ್ನು ಖಾನಾವಳಿಗೆ ಕಡಿಮೆ ದರಕ್ಕೆ ಕೊಟ್ಟುಬಿಡಿ.

ಇನ್ನು ಜೂನ್, ಜುಲೈ. ಕೊಳದಲ್ಲಿ ಸಾಕಿದ ಕಾಟ್ಲಾ, ರೋಹು ತರಿಸಿ. ಆಲಮಟ್ಟಿ, ಹಿಡಕಲ್ ಹಿನ್ನೀರಿನ ಗೆಂಡೆ ಮೀನುಗಳು ಕೂಡ ಮಳೆಗಾಲದಲ್ಲೇ ಮೊಟ್ಟೆ ಇಡುತ್ತವೆ, ತತ್ತಿ ತುಂಬಿದ ದೊಡ್ಡ ಮೀನನ್ನು ಬಿಟ್ಟುಬಿಡಿ. ಎರಡು ಕರಾವಳಿಯೂ ಮುಚ್ಚಿರುವ ಆ ಎರಡು ವಾರಕ್ಕೆ ಒಣ ಮೀನು ನಿಮ್ಮ ಆಸರೆ. ಜೋಳದ ರೊಟ್ಟಿ ಜತೆ ಒಣ ಸುಂಗಟಾದ ಚಟ್ನಿ ತಿನ್ನುವ ಮನೆಗಳು ನಿಮ್ಮೂರಲ್ಲಿ ಕಡಿಮೆಯಿಲ್ಲ. ಏಪ್ರಿಲ್–ಮೇ ಬಿಸಿಲಲ್ಲಿ ಒಣಗಿದ್ದನ್ನು ಮೇ ಕೊನೆಯೊಳಗೆ ಕೊಂಡಿಡಿ. ಬಾಗಿಸಿದರೆ ಮೆತ್ತಗೆ ಮಡಚಿದರೆ ಒಳಗೆ ನೀರಿದೆ, ಬೇಡ. ಗುಲಾಬಿ ಬಣ್ಣದ ಕಲೆ ಕಂಡರೆ ಉಪ್ಪಿನಲ್ಲೂ ಬದುಕುವ ಬ್ಯಾಕ್ಟೀರಿಯಾ ಹತ್ತಿದೆ ಎಂದರ್ಥ. ಆ ಮೂಟೆಯನ್ನು ಉಳಿದ ಮೂಟೆಗಳ ಪಕ್ಕಕ್ಕೂ ಇಡಬೇಡಿ. ಗೋಡೆಗೆ ತಾಗದಂತೆ, ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ ಇಟ್ಟು, ಮೊದಲ ಮಳೆ ಬಿದ್ದ ಮೇಲೆ ವಾರಕ್ಕೊಮ್ಮೆ ಬಿಸಿಲು ಕಂಡಾಗ ಹರಡಿ ಒಣಗಿಸಿ.