ಸಕ್ಕರೆ ನೀರಿನಲ್ಲಿಟ್ಟರೂ ಬಾಗುವ ಗುಲಾಬಿ

ಸಕ್ಕರೆ ಬೆರೆಸಿದ ನೀರಿನಲ್ಲಿಟ್ಟ ಗುಲಾಬಿಗಳು ಎರಡೇ ದಿನದಲ್ಲಿ ಕತ್ತು ಬಾಗಿಸುತ್ತಿರುವುದಕ್ಕೆ ಬಹುಮಟ್ಟಿಗೆ ಆ ಸಕ್ಕರೆಯೇ ಕಾರಣವಿರಬೇಕು. ಸೂಕ್ಷ್ಮಾಣುನಾಶಕವಿಲ್ಲದಿದ್ದಾಗ ಅದು ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ ಮತ್ತು ಅವು ಬೆಳೆದು, ಕಾಂಡದೊಳಗೆ ನೀರು ಏರುವ ನಾಳಗಳನ್ನು ಮುಚ್ಚಿಬಿಡುತ್ತವೆ. ಮೊದಲು ಹೂದಾನಿಯನ್ನು ಸೋಪಿನಿಂದ ಉಜ್ಜಿ ತೊಳೆಯಿರಿ. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ಕಾಂಡದ ತುದಿಯನ್ನು ನೀರಿನೊಳಗೇ ಹಿಡಿದು 2–3 ಸೆಂ.ಮೀ.ನಷ್ಟು ಓರೆಯಾಗಿ ಕತ್ತರಿಸಿರಿ. ಗಾಳಿಯ ಗುಳ್ಳೆ ಒಳಹೊಕ್ಕರೂ ನಾಳ ಕಟ್ಟಿಕೊಳ್ಳುತ್ತದೆ. ಬಳಿಕ 1 ಲೀಟರ್ ನೀರಿನಲ್ಲಿ 15–20 ಗ್ರಾಂ ಸಕ್ಕರೆಯನ್ನು ಕರಗಿಸಿ, ಒಂದು ಟೀ ಚಮಚ ನಿಂಬೆರಸ ಬೆರೆಸಿ, ಕೊನೆಯಲ್ಲಿ ಸೂಕ್ಷ್ಮಾಣುನಾಶಕವಾಗಿ ಕಾಲು ಟೀ ಚಮಚ ಮನೆಬಳಕೆಯ ಬ್ಲೀಚ್ ಸೇರಿಸಿರಿ. ನಿಂಬೆರಸ ಮತ್ತು ಬ್ಲೀಚ್ ಎರಡನ್ನು ನೀರಿಲ್ಲದೆ ನೇರವಾಗಿ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ದ್ರಾವಣವನ್ನು ಎರಡು ದಿನಕ್ಕೊಮ್ಮೆ ಬದಲಾಯಿಸಿರಿ. ಈಗಾಗಲೇ ಬಾಗಿರುವ ಹೂಗಳು ನೆಟ್ಟಗಾಗುತ್ತವೆಂದು ಖಚಿತವಾಗಿ ಹೇಳಲಾಗದು.